ದಸರಾದಿಂದ ಸಂಕ್ರಾಂತಿವರೆಗೆ ಹಿತ್ತಲ ಹೂವೇ ಸಾಕಾಗಬೇಕು: ಯಾವುದು, ಯಾವಾಗ, ಎಷ್ಟು?

ಹಿತ್ತಲಗಿಡ (ತುಮಕೂರು) ಕೇಳಿದ್ದು:

ಮನೆ ಪಕ್ಕ 10 ಅಡಿ ಅಗಲ, 30 ಅಡಿ ಉದ್ದ ಜಾಗ ಇದೆ. ಕೆಂಪು ಮಣ್ಣು, ಬೋರ್‌ವೆಲ್ ನೀರು, ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ ಬಿಸಿಲು. ದಸರಾದಿಂದ ಸಂಕ್ರಾಂತಿವರೆಗೆ ವಾರಕ್ಕೆ ಎರಡು ಹೂದಾನಿ ತುಂಬಬೇಕು, ಶುಕ್ರವಾರದ ಪೂಜೆಗೆ ಒಂದಿಷ್ಟು ಬಿಡಿ ಹೂ ಸಿಗಬೇಕು. ಮಾರೋ ಉದ್ದೇಶ ಇಲ್ಲ.

ತೊಂದರೆ ಮೂರು. ಒಂದು, ಸೇವಂತಿಗೆ. ಒಂದೇ ತಾಯಿಗಿಡದ ಕಂದು (ಬುಡದಲ್ಲಿ ಏಳೋ ಮರಿಗಿಡ), ಒಂದೇ ದಿನ ನೆಟ್ಟಿದ್ದು. ಹಿಂದಿನ ಕೊನೆಯವು ನವೆಂಬರ್‌ನಲ್ಲಿ ಹೂ ಬಿಟ್ಟವು. ಗೇಟಿನ ಕಡೆಯವು ಸೊಂಪಾಗಿ ಎದೆಮಟ್ಟ ಬೆಳೆದವು, ಜನವರಿ ಬಂದರೂ ಮೊಗ್ಗಿಲ್ಲ. ಬಿಸಿಲು ಎರಡೂ ಕಡೆ ಒಂದೇ. ಗೇಟಿನ ಹೊರಗೆ ಬೀದಿದೀಪದ ಕಂಬ ಇದೆ ಅನ್ನೋದು ಬಿಟ್ಟರೆ ವ್ಯತ್ಯಾಸ ಕಾಣಲ್ಲ. ಎರಡು, ಆಸ್ಟರ್ ಮೊಣಕಾಲುದ್ದ ಆದಮೇಲೆ ಒಂದೊಂದೇ ಗಿಡ ಬಾಡಿ ಸಾಯುತ್ತೆ, ನೀರು ಹಾಕಿದಷ್ಟೂ ಜಾಸ್ತಿ. ಮೂರು, ಹೂದಾನಿಗೆ ಇಟ್ಟ ಹೂ ಎರಡೇ ದಿನಕ್ಕೆ ತಲೆ ಬಾಗುತ್ತೆ.

ಈಗ ಏಪ್ರಿಲ್ ಕೊನೆ. ಈಗಿಂದಲೇ ಏನೇನು ಶುರು ಮಾಡಬೇಕು?

ಏರುಮಡಿ:

ಸೇವಂತಿಗೆಯ ಕಳ್ಳ ಯಾರು ಅಂತ ನೀವೇ ಬರೆದಿದ್ದೀರಿ. ಬೀದಿದೀಪ.

ಹಗಲು ಕಿರಿದಾದಾಗ ಮೊಗ್ಗು ಕಟ್ಟೋ ಗಿಡ ಅದು. ಸರಿಯಾಗಿ ಹೇಳೋದಾದರೆ, ಗಿಡ ಎಣಿಸೋದು ಹಗಲನ್ನಲ್ಲ, ನಡುವೆ ಮುರಿಯದ ಕತ್ತಲೆಯನ್ನು. ನಮ್ಮ ಕಡೆ ಜೂನ್‌ನಲ್ಲಿ ಹಗಲು ಹತ್ತಿರ ಹತ್ತಿರ 12 ಗಂಟೆ 55 ನಿಮಿಷ, ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷ. ವರ್ಷವಿಡೀ ನೋಡಿದರೂ ಒಂದೂವರೆ ಗಂಟೆಯ ವ್ಯತ್ಯಾಸ. ಅಷ್ಟು ಸಣ್ಣ ಸನ್ನೆಗೆ ಓಗೊಡೋ ಗಿಡದ ನೆತ್ತಿ ಮೇಲೆ ರಾತ್ರಿಯಿಡೀ ಎಲ್‌ಇಡಿ ಉರಿದರೆ ಅದಕ್ಕೆ ರಾತ್ರಿಯೇ ಆಗಲ್ಲ, ಎಲೆ ಮಾತ್ರ ಬೆಳೆಸ್ತಾ ಹೋಗುತ್ತೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಸಾಲುಬಲ್ಬು ಉರಿಯೋದು ನೋಡಿರಬಹುದು. ಅವರು ಬೇಕಂತಲೇ ಮಾಡೋದು ಇದನ್ನೇ: ಗಿಡ ಎತ್ತರ ಆಗೋವರೆಗೆ ಮೊಗ್ಗು ತಡೆದು, ಆಮೇಲೆ ದೀಪ ಆರಿಸಿ, ಬೇಕಾದ ವಾರಕ್ಕೆ ಹೂ ಇಳಿಸ್ತಾರೆ. ನಿಮ್ಮ ಬೀದಿದೀಪ ಆರೋದೇ ಇಲ್ಲ, ಅಷ್ಟೇ.

ಪರೀಕ್ಷೆ ಸುಲಭ. ರಾತ್ರಿ 9ಕ್ಕೆ ಆ ಪಾತಿಯಲ್ಲಿ ನಿಂತು ನೆಲ ನೋಡಿ. ನಿಮ್ಮ ನೆರಳಿನ ಅಂಚು ಗೆರೆ ಎಳೆದ ಹಾಗೆ ಕಾಣ್ತಿದ್ದರೆ ಅಲ್ಲಿ ಸೇವಂತಿಗೆ ಬೇಡ. ಆಗಸ್ಟ್ ಮಧ್ಯದಿಂದ ದಿನಾ ಸಂಜೆ 6ಕ್ಕೆ ಕರಿ ಬಟ್ಟೆ ಹೊದಿಸಿ ಬೆಳಿಗ್ಗೆ 6ಕ್ಕೆ ತೆಗೆದರೂ ಆಗುತ್ತೆ, ಮೊಗ್ಗು ಬಟಾಣಿ ಗಾತ್ರ ಆಗೋವರೆಗೆ ಒಂದು ದಿನವೂ ತಪ್ಪೋ ಹಾಗಿಲ್ಲ. ಅಷ್ಟು ಕಷ್ಟಪಡೋ ಬದಲು ಗೇಟಿನ ಕಡೆ ಸುಗಂಧರಾಜ ಹಾಕಿ. ಅದಕ್ಕೆ ಬೀದಿದೀಪದ ಗೊಡವೆ ಇಲ್ಲ.

ಇನ್ನು ಜಾಗದ ಲೆಕ್ಕ. 10 ಅಡಿ ಅಗಲದಲ್ಲಿ ಮೂರೂವರೆ ಅಡಿಯ ಎರಡು ಏರುಮಡಿ, ನಡುವೆ 2 ಅಡಿ ಓಡಾಡೋ ದಾರಿ, ಎರಡೂ ಅಂಚಿಗೆ ಅರ್ಧರ್ಧ ಅಡಿ. ಮೂರೂವರೆ ಅಡಿಗಿಂತ ಅಗಲ ಮಾಡಿದರೆ ಮಧ್ಯದ ಗಿಡಕ್ಕೆ ಕೈ ಎಟುಕಲ್ಲ, ಮಡಿ ತುಳಿದು ಹಾಳು ಮಾಡ್ತೀರಿ. ಎತ್ತರ 8 ಇಂಚು ಇರಲೇಬೇಕು, ಯಾಕಂದರೆ ತುಮಕೂರಿಗೆ ಜೋರು ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಸರಿಯಾಗಿ ಮೊಗ್ಗಿನ ಹೊತ್ತಿಗೆ. ಒಂದೊಂದು ಮಡಿಯನ್ನು 6 ಅಡಿಯ ಐದು ತುಂಡು ಮಾಡಿ. ಒಟ್ಟು ಹತ್ತು ತುಂಡು. ತುಂಡಿಗೆ 10 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 400 ಗ್ರಾಂ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಗೊಣ್ಣೆಹುಳ ಬರುತ್ತೆ.

ಗೇಟಿನ ಹತ್ತಿರದ ಎರಡು ತುಂಡಿಗೆ ಸುಗಂಧರಾಜ: ಸಾಲಿಂದ ಸಾಲಿಗೆ 1 ಅಡಿ, ಗಡ್ಡೆಯಿಂದ ಗಡ್ಡೆಗೆ 8 ಇಂಚು, ತುಂಡಿಗೆ 27 ಗಡ್ಡೆ. ಇದು ಈಗಲೇ ಆಗೋ ಕೆಲಸ. ಗಡ್ಡೆ 2ರಿಂದ 3 ಸೆಂ.ಮೀ. ದಪ್ಪ ಇರಲಿ. ಅದಕ್ಕಿಂತ ಸಣ್ಣದು ಮೊದಲ ವರ್ಷ ಬರೀ ಹುಲ್ಲು ಬೆಳೆಯುತ್ತೆ. 5ರಿಂದ 7 ಸೆಂ.ಮೀ. ಆಳಕ್ಕೆ, ಮೊನೆ ಮೇಲೆ ಮಾಡಿ ಹೂಳಿ. ನೆಟ್ಟು 80ರಿಂದ 100 ದಿನಕ್ಕೆ ಮೊದಲ ಹೂದಂಟು. ಹೂದಾನಿಗೆ ಜೋಡಿ ದಳದ್ದು ಚೆಂದ: ಸುವಾಸಿನಿ, ವೈಭವ್. ಬಿಡಿ ಹೂ ಕಟ್ಟೋಕೆ ಒಂಟಿ ದಳದ್ದು: ಪ್ರಜ್ವಲ್, ಶೃಂಗಾರ್. ನಾಲ್ಕೂ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ತಳಿಗಳು. ಒಂದು ತುಂಡಿಗೆ ಜೋಡಿ, ಇನ್ನೊಂದಕ್ಕೆ ಒಂಟಿ ಹಾಕಿ. ಮೂರು ವರ್ಷ ಕೀಳೋ ಹಾಗಿಲ್ಲ.

ಹಿಂದಿನ ಕೊನೆಯ, ಕತ್ತಲಿರೋ ಎರಡು ತುಂಡು ಸೇವಂತಿಗೆಗೆ. ಅಡಿಗೊಂದರಂತೆ ತುಂಡಿಗೆ 18 ಗಿಡ. ಹಳೇ ಗಿಡದ ಬುಡದಲ್ಲಿ ಈಗ ಕಂದು ಎದ್ದಿರುತ್ತವೆ. ಅವನ್ನೇ ಕಿತ್ತು ನೆಡಬಹುದು, ಆದರೆ ಕುಡಿ ತುಂಡಿನಿಂದ ಮಾಡಿದ ಗಿಡ ಒಂದೇ ಸಮ ಬರುತ್ತೆ. ಮೇ ಕೊನೆಗೆ 5ರಿಂದ 7 ಸೆಂ.ಮೀ. ಕುಡಿ ಮುರಿದು, ಕೆಳಗಿನ ಎರಡು ಎಲೆ ತೆಗೆದು, ತೊಳೆದ ಮರಳಲ್ಲೋ ಕೊಕೊಪೀಟ್‌ನಲ್ಲೋ ನೆರಳಲ್ಲಿ ಊರಿ. ಮೂರು ವಾರಕ್ಕೆ ಬೇರು. ಜೂನ್ ಮಧ್ಯಕ್ಕೆ ಮಡಿಗೆ. ನೆಟ್ಟು ನಾಲ್ಕು ವಾರಕ್ಕೆ ತುದಿ ಕುಡಿ ಚಿವುಟಿ, ಉಗುರಲ್ಲಿ ಮೇಲಿನ ಒಂದಿಂಚು ಸಾಕು. ಪಕ್ಕದ ರೆಂಬೆ ನಾಲ್ಕಿಂಚು ಆದಾಗ ಇನ್ನೊಮ್ಮೆ. ಕೊನೇ ಸಲ ಚಿವುಟಿದ ಮೇಲೆ ಹೂವಿಗೆ 90ರಿಂದ 100 ದಿನ ಲೆಕ್ಕ ಇಟ್ಟುಕೊಳ್ಳಿ. ಆಗಸ್ಟ್ ಮಧ್ಯದ ನಂತರ ಕುಡಿ ಮುಟ್ಟಬೇಡಿ.

ದಸರೆಗೆ ಮನೆ ಸೇವಂತಿಗೆಯನ್ನೇ ನೆಚ್ಚಿಕೊಳ್ಳಬೇಡಿ ಅನ್ನೋದು ನನ್ನ ಮಾತು. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೇ. ಅಧಿಕಮಾಸ ಬಂದು ಹೋದ ಹಾಗೆ ಹಬ್ಬ ಮೂರು ವಾರ ಆಚೀಚೆ ಆಗುತ್ತೆ. ಗಿಡಕ್ಕೆ ಪಂಚಾಂಗ ಗೊತ್ತಿಲ್ಲ. ದಸರೆಗೆ ಚೆಂಡು ಹೂವೇ ಸರಿ, ಅದನ್ನ ಹಬ್ಬದಿಂದ ಹಿಂದಕ್ಕೆ ಎಣಿಸಬಹುದು: ಬೀಜದಿಂದ ನಾಟಿಗೆ 25 ದಿನ, ನಾಟಿಯಿಂದ ಹೂವಿಗೆ 50ರಿಂದ 60, ಕುಡಿ ಚಿವುಟಿದರೆ ಇನ್ನೊಂದು 10, 12. ಅಂದರೆ ಆಯುಧಪೂಜೆಗೆ 95ರಿಂದ 100 ದಿನ ಮೊದಲು ಬೀಜ. ಒಂದು ತುಂಡಿಗೆ 10 ಗಿಡ ಸಾಕು, ಒತ್ತಾಗಿ ಹಾಕಿದರೆ ಮಳೆಗೆ ಹೂ ಒಳಗೇ ಕೊಳೆಯುತ್ತೆ. ಅಂಗಡಿಯ ಹೈಬ್ರಿಡ್ ಹೂವಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಬೇಡಿ, ಹತ್ತು ಗಿಡ ಹತ್ತು ಥರ ಬರುತ್ತೆ.

ಮೂರು ತುಂಡು ಆಸ್ಟರ್‌ಗೆ, ಒಂದು ಗ್ಲಾಡಿಯೋಲಸ್‌ಗೆ, ಒಂದು ಸೊಪ್ಪಿಗೆ. ಹೂದಾನಿಗೆ ಹೂವಿಗಿಂತ ಹಸಿರೇ ಹೆಚ್ಚು ಬೇಕಾಗುತ್ತೆ ಅನ್ನೋದು ತುಂಬಾ ಜನಕ್ಕೆ ತಡವಾಗಿ ಹೊಳೆಯುತ್ತೆ. ಮರುಗ, ದವನ ಎರಡೂ ಹಾಕಿ. ದವನದ ಬೀಜ ಅಕ್ಟೋಬರ್ ಕೊನೆಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಮರಳಲ್ಲಿ ಬೆರೆಸಿ ಎರಚಿ. ಜೊತೆಗೆ ಅಡುಗೆಮನೆಯ ಸಬ್ಬಸಿಗೆ ಬೀಜ ಒಂದು ಹಿಡಿ. ಸೊಪ್ಪು ಕೀಳದೆ ಹೂವಿಗೆ ಬಿಟ್ಟರೆ ಹಳದಿ ಛತ್ರಿ ಥರ ಬರುತ್ತೆ. ಆಸ್ಟರ್ ನಡುವೆ ತೂರಿಸೋಕೆ ಅದಕ್ಕಿಂತ ಒಳ್ಳೆಯದು ನರ್ಸರಿಯಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ.

ಮಣ್ಣುಗೈ:

ಆಸ್ಟರ್ ಬಗ್ಗೆ ಮಾತ್ರ ಹೇಳ್ತೀನಿ. ಸತ್ತ ಗಿಡ ಒಂದನ್ನ ಕಿತ್ತು, ಬುಡದಿಂದ ನಾಲ್ಕಿಂಚು ಮೇಲಿನವರೆಗೆ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡಿ. ಸಿಪ್ಪೆಯ ಕೆಳಗೆ ಕಂದು ಗೆರೆ ಮೇಲಕ್ಕೆ ಓಡಿದ್ದರೆ ಫ್ಯುಸೇರಿಯಂ ಅನ್ನೋ ಮಣ್ಣಿನ ಶಿಲೀಂಧ್ರದ ಸೊರಗು ರೋಗ. ಗೆರೆ ಇಲ್ಲದೆ ಬೇರು ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಬಂದು, ಕೆಟ್ಟ ವಾಸನೆ ಇದ್ದರೆ ನೀರು ನಿಂತು ಬಂದ ಬೇರು ಕೊಳೆ. ಎರಡಕ್ಕೂ ಮದ್ದು ಬೇರೆ. ಒಂದೇ ಜಾಗದಲ್ಲಿ ಎಷ್ಟು ವರ್ಷದಿಂದ ಹಾಕ್ತಿದ್ದೀರಿ?

ಹಿತ್ತಲಗಿಡ:

ಮೂರನೇ ವರ್ಷ. ಒಣಗಿದ ಗಿಡ ಇನ್ನೂ ಕಿತ್ತಿರಲಿಲ್ಲ, ಎರಡು ಸೀಳಿದೆ. ಎರಡರಲ್ಲೂ ಕಂದು ಗೆರೆ, ಒಂದರಲ್ಲಿ ಒಂದೇ ಪಕ್ಕಕ್ಕೆ. ವಾಸನೆ ಇಲ್ಲ.

ಮಣ್ಣುಗೈ:

ಹಾಗಾದರೆ ಫ್ಯುಸೇರಿಯಂ. ಒಂದೇ ಪಕ್ಕದ ಎಲೆ ಮೊದಲು ಹಳದಿಯಾಗಿ ಬಾಡೋದು ಇದರ ಗುರುತೇ. ನೀರು ಸಾಗೋ ನಾಳವೇ ಕಟ್ಟಿಕೊಂಡಿರೋದರಿಂದ ನೀವು ಎಷ್ಟು ನೀರು ಹಾಕಿದರೂ ಮೇಲೆ ಏರಲ್ಲ, ಬದಲಿಗೆ ರೋಗ ಪಕ್ಕದ ಗಿಡಕ್ಕೆ ಹರಿಯುತ್ತೆ. ಬಂದ ಗಿಡಕ್ಕೆ ಯಾವ ಔಷಧಿ ಹೊಡೆದರೂ ದುಡ್ಡು ದಂಡ. ಬುಡದ ಮಣ್ಣಿನ ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಯಲ್ಲಿ ಆಡಿಸಿದ ಗುದ್ದಲಿ ತೊಳೆಯದೆ ಬೇರೆ ಮಡಿಗೆ ಒಯ್ಯಬೇಡಿ.

ಸಮಾಧಾನದ ಸಂಗತಿ ಅಂದರೆ, ಆಸ್ಟರ್ ಕೊಲ್ಲೋ ಈ ಬಗೆ ಆಸ್ಟರ್ ಒಂದಕ್ಕೇ ಅಂಟೋದು. ಅದೇ ಜಾಗದಲ್ಲಿ ಚೆಂಡು ಹೂ, ಸುಗಂಧರಾಜ ಧಾರಾಳವಾಗಿ ಹಾಕಿ. ಆಸ್ಟರ್ ಮಾತ್ರ ನಾಲ್ಕೈದು ವರ್ಷ ಅಲ್ಲಿಗೆ ಬರಬಾರದು.

ಮೇ ತಿಂಗಳ ಬಿಸಿಲು ಕೈಲಿದೆ, ಬಳಸಿಕೊಳ್ಳಿ. ಆಸ್ಟರ್‌ಗೆ ಗೊತ್ತು ಮಾಡಿದ ಹೊಸ ತುಂಡುಗಳನ್ನ ಅಗೆದು, ಹೆಂಟೆ ಒಡೆದು, ಒಂದು ಗೇಣು ಆಳ ನೆನೆಯೋ ಹಾಗೆ ನೀರು ಕೊಟ್ಟು, ಮಾರನೇ ದಿನ 25 ಮೈಕ್ರಾನ್‌ನ ಪಾರದರ್ಶಕ ಪಾಲಿಥೀನ್ ಹೊದಿಸಿ. ನಾಲ್ಕು ಅಂಚೂ ಮಣ್ಣಲ್ಲಿ ಹೂತಿರಬೇಕು, ಹಾಳೆ ಮಣ್ಣಿಗೆ ಅಂಟಿದ ಹಾಗೆ ಕೂರಬೇಕು. ಆರು ವಾರ ತೆಗೀಬೇಡಿ. ಮಲ್ಚಿಂಗ್‌ಗೆ ಬಳಸೋ ಕರಿ ಶೀಟ್ ಇದಕ್ಕೆ ಆಗಲ್ಲ, ಬಿಸಿಲನ್ನ ತಾನೇ ಹೀರಿಕೊಂಡು ಮಣ್ಣಿಗೆ ಕಡಿಮೆ ಬಿಡುತ್ತೆ. ಒಣ ಮಣ್ಣಿಗೆ ಹೊದಿಸಿದರೂ ಪ್ರಯೋಜನ ಇಲ್ಲ, ಕಾವು ಕೆಳಗೆ ಇಳಿಯೋದು ತೇವದ ಮೂಲಕ.

ಹಾಳೆ ಹೊದ್ದಿರುವಾಗಲೇ ಪಕ್ಕದಲ್ಲಿ 10 ಕೆಜಿ ಕಳಿತ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನ ಹತ್ತಿಕ್ಕೋ ಒಳ್ಳೆಯ ಶಿಲೀಂಧ್ರ) ಬೆರೆಸಿ, ಒದ್ದೆ ಗೋಣಿ ಮುಚ್ಚಿ ನೆರಳಲ್ಲಿ ಎರಡು ವಾರ ಇಡಿ. ಮೂರು ದಿನಕ್ಕೊಮ್ಮೆ ತಿರುವಿ. ಹಸಿರು ಬೂಷ್ಟು ಹಬ್ಬಿದ್ದರೆ ತಯಾರು. ಇದನ್ನ ಹಾಳೆ ತೆಗೆದ ಮೇಲೆ ಮಡಿಗೆ ಸೇರಿಸಬೇಕು, ಮೊದಲೇ ಹಾಕಿದರೆ ಬಿಸಿಲಿಗೆ ಅದೂ ಸಾಯುತ್ತೆ.

ಬೀಜದ ವಿಷಯ. ಆಸ್ಟರ್ ಬೀಜ ಒಂದು ವರ್ಷ ದಾಟಿದರೆ ಮೊಳಕೆ ಅರ್ಧಕ್ಕಿಂತ ಇಳಿಯುತ್ತೆ, ಪ್ರತಿವರ್ಷ ಹೊಸದೇ ತನ್ನಿ. ಕಾಮಿನಿ, ಪೂರ್ಣಿಮಾ, ಶಶಾಂಕ್ ಇವು ಐಐಎಚ್‌ಆರ್‌ನವು, ಹೈಬ್ರಿಡ್ ಅಲ್ಲ. ಹಾಗಾಗಿ ಬಣ್ಣ ಬೆರೆಯದ ಹಾಗೆ ದೂರ ದೂರ ಬೆಳೆದರೆ ನಿಮ್ಮದೇ ಬೀಜ ಎತ್ತಬಹುದು. ಬೀಜದಿಂದ ಹೂವಿಗೆ 100ರಿಂದ 120 ದಿನ. ಒಂದು ಗಿಡ ಬಿಡೋದು ಒಂದೇ ಸುತ್ತು, 8ರಿಂದ 10 ದಂಟು, ಮೂರು ವಾರಕ್ಕೆ ಮುಗೀತು. ಅದಕ್ಕೇ ಮೂರೂ ತುಂಡಿಗೆ ಒಟ್ಟಿಗೆ ಹಾಕಬೇಡಿ. ಜೂನ್ ಮಧ್ಯಕ್ಕೆ ಒಂದು ಪ್ರೋಟ್ರೇ (ಸಸಿ ಬೆಳೆಸೋ ಗುಳಿತಟ್ಟೆ), ಜುಲೈ ಮೊದಲ ವಾರಕ್ಕೆ ಇನ್ನೊಂದು, ಜುಲೈ ಕೊನೆಗೆ ಮೂರನೆಯದು. ಸಸಿಗೆ ನಾಲ್ಕು ಎಲೆ ಬಂದಾಗ, 30ರಿಂದ 35 ದಿನಕ್ಕೆ ನಾಟಿ. ಹಗಲು ಕಿರಿದಾದ ಮೇಲೆ ನೆಟ್ಟ ಆಸ್ಟರ್ ಎತ್ತರ ಏಳಲ್ಲ, ಗಿಡ್ಡ ದಂಟಲ್ಲೇ ಹೂ ಬಿಡುತ್ತೆ. ಪೂಜೆಗೆ ಪರವಾಗಿಲ್ಲ, ಹೂದಾನಿಗೆ ಸಾಲಲ್ಲ. ಹಾಗಾಗಿ ಅಕ್ಟೋಬರ್ ನಾಟಿಯಿಂದ ಉದ್ದ ದಂಟು ನಿರೀಕ್ಷಿಸಬೇಡಿ.

ಬಯಲುಹೂ:

ಆಸ್ಟರ್‌ಗೂ ಸೇವಂತಿಗೆ ಥರ ಕುಡಿ ಚಿವುಟಿದರೆ ದಂಟು ಜಾಸ್ತಿ ಸಿಗುತ್ತಲ್ಲ?

ಮಣ್ಣುಗೈ:

ದಂಟು ಜಾಸ್ತಿ ಆಗುತ್ತೆ, ಉದ್ದ ಕಡಿಮೆ ಆಗುತ್ತೆ, ಹೂ ಹತ್ತು ದಿನ ತಡ ಆಗುತ್ತೆ. ಆಸ್ಟರ್ ತಾನಾಗೇ ಬುಡದಿಂದ ಕವಲೊಡೆಯೋ ಗಿಡ. ಬಿಡಿ ಹೂವಿಗಾದರೆ ಚಿವುಟಿ, ಹೂದಾನಿಗಾದರೆ ಕೈ ಕಟ್ಟಿಕೊಂಡಿರಿ.

ಅಡಿಕೆಮನೆ (ಶಿರಸಿ):

ಡೇರೆ (ಡೇಲಿಯಾ) ಹೆಸರನ್ನೇ ಯಾರೂ ಎತ್ತಲಿಲ್ಲವಲ್ಲ! ಮಲೆನಾಡಲ್ಲಿ ಮಳೆಗಾಲದ ಅಂಗಳ ಅಂದರೆ ಡೇರೆಯೇ. ನಮ್ಮಲ್ಲಿ ಮೇ ತಿಂಗಳ ಅಡ್ಡಮಳೆಗೆ ಗಡ್ಡೆ ಚಿಗುರುತ್ತೆ, ಆಗ ನೆಟ್ಟರೆ ಆಗಸ್ಟ್‌ನಿಂದ ಹೂ. ತುಮಕೂರಿನ ಬಿಸಿಲಿಗೆ ಆ ಲೆಕ್ಕ ಬೇಡ. ಗಡ್ಡೆಯನ್ನು ಜುಲೈಯಲ್ಲಿ ಕುಂಡದಲ್ಲಿ ಚಿಗುರಿಸಿ, ಮೂರಿಂಚಿನ ಚಿಗುರು ಮುರಿದು ಮರಳಲ್ಲಿ ಬೇರು ಬರಿಸಿ, ಸೆಪ್ಟೆಂಬರ್‌ನಲ್ಲಿ ನೆಡಿ. ಚಳಿ ಶುರುವಾದ ಮೇಲೆ ಡಿಸೆಂಬರ್, ಜನವರಿಗೆ ಹೂ ಬರುತ್ತದೆ, ಸಂಕ್ರಾಂತಿಗೆ ಸರಿಹೋಗುತ್ತದೆ.

ಗಡ್ಡೆ ಕೊಳ್ಳುವಾಗ ಒಂದನ್ನು ಮಾತ್ರ ನೋಡಿ: ಗಡ್ಡೆಯ ಕತ್ತಿನಲ್ಲಿ ಹಳೇ ದಂಟಿನ ಚೂರು ಅಂಟಿಕೊಂಡಿರಬೇಕು. ಕಣ್ಣು ಇರುವುದು ಅಲ್ಲೇ. ಕತ್ತು ಮುರಿದ ಗಡ್ಡೆ ಎಷ್ಟು ದಪ್ಪಗಿದ್ದರೂ ಗೆಣಸಿನ ಹಾಗೆ ಬಿದ್ದಿರುತ್ತದೆಯೇ ಹೊರತು ಚಿಗುರುವುದಿಲ್ಲ. ಚಿಗುರು ಕಾಣುವವರೆಗೆ ನೀರು ಹಾಕಬೇಡಿ, ಮಣ್ಣಿನ ತೇವವೇ ಸಾಕು. ನೂರಕ್ಕೆ ತೊಂಬತ್ತು ಗಡ್ಡೆ ಕೊಳೆಯುವುದು ಮೊದಲ ಎರಡು ವಾರದ ಉಪಚಾರದಿಂದಲೇ.

ಊರುಗೋಲನ್ನು ನೆಡುವ ದಿನವೇ ಊರಿ. ಆಮೇಲೆ ಕೋಲು ಚುಚ್ಚಿದರೆ ಗಡ್ಡೆಗೇ ತೂತು. ದೊಡ್ಡ ಹೂ ಬೇಕಿದ್ದರೆ ತುದಿಯಲ್ಲಿ ಮೂರು ಮೊಗ್ಗು ಒಟ್ಟಿಗೆ ಬಂದಾಗ ಪಕ್ಕದ ಎರಡನ್ನು ಕಡಲೆ ಗಾತ್ರ ಇರುವಾಗಲೇ ಕಿತ್ತು ಬಿಡಿ. ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ತೊಳೆಯದೆ ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹೂತು ಮಾಡಿನ ಕೆಳಗೆ ಇಡಿ.

ಏರುಮಡಿ:

ಹೌದು, ಡೇರೆ ಬಿಟ್ಟಿದ್ದು ನನ್ನ ತಪ್ಪು. ದಸರೆ ಕಳೆದ ಮೇಲೆ ಚೆಂಡು ಹೂವಿನ ತುಂಡು ಖಾಲಿಯಾಗುತ್ತೆ, ಆದರೆ ಅದಕ್ಕೆ ಕಾಯ್ತಾ ಕೂತರೆ ಡೇರೆಗೆ ತಡ. ಸೆಪ್ಟೆಂಬರ್‌ನಲ್ಲಿ ಸಸಿಯನ್ನ 8 ಇಂಚಿನ ಕುಂಡಕ್ಕೆ ಹಾಕಿ, ಮಡಿ ಖಾಲಿಯಾದಾಗ ಮಣ್ಣಿನ ಗಟ್ಟಿ ಒಡೆಯದೆ ಇಳಿಸಿ.

ಕತ್ತರಿಬಕೆಟ್ಟು:

ಹೂದಾನಿಯ ಎರಡು ದಿನದ ಕಥೆಗೆ ಬರ್ತೀನಿ. ಹತ್ತರಲ್ಲಿ ಒಂಬತ್ತು ಸಲ ತಪ್ಪಿರೋದು ನೀರಲ್ಲಿ ಅಲ್ಲ, ಪಾತ್ರೆಯಲ್ಲಿ. ನಿಮ್ಮ ಹೂದಾನಿಯ ಒಳಗೋಡೆಗೆ ಬೆರಳು ಒತ್ತಿ ಎಳೆಯಿರಿ. ಕೀರಲು ಸದ್ದು ಬಂದರೆ ಸರಿ. ಲೋಳೆಸರದ ಮೇಲೆ ಜಾರಿದ ಹಾಗೆ ಜಾರಿದರೆ ಅದು ಬ್ಯಾಕ್ಟೀರಿಯಾ ಪದರ. ಅದು ದಂಟಿನ ಬಾಯಿಗೆ ಕಟ್ಟಿಕೊಂಡರೆ ನೀರು ಮೇಲೇರಲ್ಲ, ಕತ್ತು ಬಾಗುತ್ತೆ. ಬರೀ ನೀರಲ್ಲಿ ಕುಲುಕಿ ಚೆಲ್ಲೋದು ತೊಳೆಯೋದಲ್ಲ. ಸೋಪು, ಬ್ರಷ್ಷು, ಕೊನೆಗೆ ಬ್ಲೀಚ್ ನೀರು. ಕತ್ತರಿಗೂ ಇದೇ.

ಕೊಯ್ಯೋದು ಬೆಳಿಗ್ಗೆ 7ರ ಒಳಗೆ, ಇಬ್ಬನಿ ಆರಿದ ಕೂಡಲೇ. ಆಗಲಿಲ್ಲವೆಂದರೆ ಸಂಜೆ 6ರ ಮೇಲೆ. ಮಧ್ಯಾಹ್ನ ಕೊಯ್ದ ಹೂವಿನಲ್ಲಿ ನೀರೇ ಇರಲ್ಲ. ಗಿಡದ ಹತ್ತಿರಕ್ಕೇ ಬಕೆಟ್ ಒಯ್ಯಿರಿ. ಕೈಯಲ್ಲಿ ಗೊಂಚಲು ಹಿಡಿದು ತೋಟ ಸುತ್ತಿ ಬರೋ ಹತ್ತು ನಿಮಿಷದಲ್ಲಿ ದಂಟಿನ ಬಾಯಿಗೆ ಗಾಳಿ ಹೊಕ್ಕಿರುತ್ತೆ. ನೀರಿಗೆ ಮುಳುಗೋ ಎಲೆ ಪೂರ್ತಿ ಕೀಳಿ. ಕೊಯ್ದದ್ದನ್ನ ಮೂರು, ನಾಲ್ಕು ಗಂಟೆ ಕತ್ತಲ ಕೋಣೆಯಲ್ಲಿ ಕತ್ತಿನವರೆಗೆ ನೀರಲ್ಲಿ ಇಟ್ಟು, ಆಮೇಲೆ ಜೋಡಿಸಿ. ಈ ಒಂದು ಹೆಜ್ಜೆ ಬಿಟ್ಟರೆ ಮಿಕ್ಕಿದ್ದೆಲ್ಲ ದಂಡ.

ಯಾವ ಹಂತದಲ್ಲಿ ಕೊಯ್ಯಬೇಕು ಅನ್ನೋದು ಹೂವಿಗೊಂದು ಥರ. ಸುಗಂಧರಾಜ ಕೆಳಗಿನ ಎರಡು ಮೂರು ಹೂ ಅರಳಿದಾಗ. ಗ್ಲಾಡಿಯೋಲಸ್ ಅರಳೋದಕ್ಕೇ ಕಾಯಬೇಡಿ, ಕೆಳಗಿನ ಮೊಗ್ಗು ಬಣ್ಣ ತೋರಿಸಿದರೆ ಸಾಕು. ಸೇವಂತಿಗೆ ಹೊರದಳ ಪೂರ್ತಿ ಬಿಚ್ಚಿ, ನಡು ಇನ್ನೂ ಗಟ್ಟಿ ಇರುವಾಗ. ಬುಡದ ಮರದಂಥ ಭಾಗ ಬಿಟ್ಟು, ಹಸಿರು ದಂಟು ಇರೋ ಕಡೆ ಕತ್ತರಿಸಿ, ಮರವಾದ ತುದಿ ನೀರು ಎಳೆಯಲ್ಲ. ಆಸ್ಟರ್ ಹೊರದಳ ಎಲ್ಲ ಅರಳಿರಬೇಕು. ಡೇರೆ, ಚೆಂಡು ಹೂ ಪೂರ್ತಿ ಅರಳಿದ ಮೇಲೇ. ಕೊಯ್ದ ಮೇಲೆ ಡೇರೆ ಮೊಗ್ಗು ಅರಳಲ್ಲ. ಅರಳಿದ್ದರಲ್ಲೂ ಹಿಂಬದಿಯ ದಳ ಮುಟ್ಟಿ ನೋಡಿ, ಕಾಗದದ ಹಾಗೆ ಸರಸರ ಅಂದರೆ ಅದರ ಆಯಸ್ಸು ಮುಗಿದಿದೆ. ಇನ್ನೂ ಜಾಗ ಸಿಕ್ಕಿ ಜಿನ್ನಿಯಾ ಹಾಕಿದರೆ, ಹೂವಿನ ಒಂದು ಗೇಣು ಕೆಳಗೆ ಹಿಡಿದು ಅಲುಗಾಡಿಸಿ. ಕತ್ತು ತೂಗಾಡಿದರೆ ಬಿಡಿ, ದಂಟು ಕೋಲಿನ ಹಾಗೆ ನೆಟ್ಟಗಿದ್ದರೆ ಕೊಯ್ಯಿರಿ. ಅದನ್ನ ಫ್ರಿಜ್‌ನಲ್ಲಿ ಇಡೋ ಹಾಗಿಲ್ಲ, ಚಳಿಗೆ ಕಂದುತ್ತೆ.

ನೀರಿಗೆ ಹಾಕೋದು: 1 ಲೀಟರ್‌ಗೆ ಎರಡು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ, ಕಾಲು ಟೀ ಚಮಚ ಬಣ್ಣ ವಾಸನೆ ಬೆರೆಸದ ಬ್ಲೀಚ್ ದ್ರಾವಣ. ಸಕ್ಕರೆ ಹೂವಿಗೆ ಊಟ, ಹುಳಿ ನೀರನ್ನ ಮೇಲೇರಿಸೋಕೆ, ಬ್ಲೀಚ್ ಕೊಳೆಯದಿರೋಕೆ. ಬ್ಲೀಚ್ ಇಲ್ಲದೆ ಬರೀ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಗೆ ಹಬ್ಬ, ಹೂ ಮೊದಲಿಗಿಂತ ಬೇಗ ಹೋಗುತ್ತೆ. ಎಚ್ಚರ: ನಿಂಬೆರಸಕ್ಕೆ ನೇರವಾಗಿ ಬ್ಲೀಚ್ ಸುರಿಯಬೇಡಿ, ವಿಷಗಾಳಿ ಏಳುತ್ತೆ. ಮೊದಲು ಪೂರ್ತಿ ನೀರಿಗೆ ನಿಂಬೆರಸ ಕಲಸಿ, ಕೊನೆಗೆ ಬ್ಲೀಚ್, ಕಿಟಕಿ ತೆರೆದಿರಲಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿ ಒಂದು ಸೆಂ.ಮೀ. ಓರೆಯಾಗಿ ಕತ್ತರಿಸಿ. ನೀರಿಗೆ ಆಸ್ಪಿರಿನ್ ಮಾತ್ರೆ, ತಾಮ್ರದ ಬಿಲ್ಲೆ ಹಾಕೋದು ಬಿಡಿ, ಕಾಸಿನ ಪ್ರಯೋಜನ ಇಲ್ಲ.

ಚೆಂಡು ಹೂವನ್ನ ಬೇರೆ ಹೂವಿನ ಜೊತೆ ಒಂದೇ ನೀರಲ್ಲಿ ಇಡಬೇಡಿ. ಅದರ ದಂಟು ನೀರನ್ನ ಒಂದೇ ದಿನಕ್ಕೆ ನಾರಿಸುತ್ತೆ.

ಹೀಗೆ ಮಾಡಿದರೆ ಸೇವಂತಿಗೆ ಹತ್ತು ದಿನ ದಾಟುತ್ತೆ, ಆಸ್ಟರ್ ಒಂದು ವಾರ. ಸುಗಂಧರಾಜದ ಬಾಡಿದ ಹೂ ದಿನಾ ಕೀಳ್ತಾ ಬಂದರೆ ಐದಾರು ದಿನ. ಡೇರೆ ನಾಲ್ಕು ದಿನದ ಅತಿಥಿ, ಅದನ್ನ ಬೈದು ಫಲವಿಲ್ಲ.

ಬಯಲುಹೂ:

ಗ್ಲಾಡಿಯೋಲಸ್ ಹಾಕೋ ಮೊದಲು ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ. ನಿಮ್ಮ ಜಿಲ್ಲೆಯ ಪಾವಗಡದ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹಳೇ ಸಂಗತಿ. ಲೀಟರ್‌ಗೆ 1 ಮಿಲಿಗ್ರಾಂ ಇದ್ದರೂ ಹೂದಾನಿಯಲ್ಲಿ ಗ್ಲಾಡಿಯೋಲಸ್ ದಳದ ಅಂಚು ಮೊದಲು ಎಣ್ಣೆ ಕಾಗದದ ಥರ ಪಾರದರ್ಶಕ ಆಗಿ ಆಮೇಲೆ ಕಂದಾಗುತ್ತೆ, ತುದಿ ಮೊಗ್ಗು ಅರಳೋದೇ ಇಲ್ಲ. ನೀರು ಹಳತಾಯಿತು ಅಂತ ಬದಲಿಸ್ತಾ ಇರ್ತಾರೆ, ಪ್ರತಿ ಸಲವೂ ಹೊಸ ಫ್ಲೋರೈಡ್ ಸುರಿದ ಹಾಗೆ. ಜರ್ಬೆರಾಗೂ ಇದೇ ಬಾಧೆ. ಹೂದಾನಿಗೆ ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ.

ಗಡ್ಡೆ 4ರಿಂದ 5 ಸೆಂ.ಮೀ. ಅಡ್ಡಗಲದ್ದು ತನ್ನಿ, ನೆತ್ತಿಯಲ್ಲಿ ಬಿಳಿ ಮೊಳಕೆ ಇಣುಕಿರಬೇಕು. ಇಲ್ಲದಿದ್ದರೆ ಗಡ್ಡೆ ಇನ್ನೂ ನಿದ್ದೆಯಲ್ಲಿದೆ, ಕಾಗದದಲ್ಲಿ ಸುತ್ತಿ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಆರೆಂಟು ವಾರ ಇಡಿ. ನಿಮ್ಮ ಒಂದು ತುಂಡಿಗೆ 36 ಗಡ್ಡೆ ಹಿಡಿಯುತ್ತೆ: ಮೂರು ಸಾಲು, ಅರ್ಧ ಅಡಿಗೊಂದು, 3 ಇಂಚು ಆಳ. ಸೆಪ್ಟೆಂಬರ್ ಕೊನೆಯಿಂದ ಹದಿನೈದು ದಿನಕ್ಕೊಮ್ಮೆ 12ರಂತೆ ಊರಿ. ತಳಿ ನೋಡಿಕೊಂಡು 60ರಿಂದ 90 ದಿನಕ್ಕೆ ಹೂ. ಕೊಯ್ಯುವಾಗ ಗಿಡದಲ್ಲಿ ನಾಲ್ಕು ಎಲೆ ಉಳಿಸಿ, ಮುಂದಿನ ವರ್ಷದ ಗಡ್ಡೆ ಬಲಿಯೋದು ಅದರಿಂದಲೇ. ಕೊಯ್ದ ದಂಟನ್ನ ಮಲಗಿಸಬೇಡಿ, ಅರ್ಧ ದಿನಕ್ಕೇ ತುದಿ ಮೇಲಕ್ಕೆ ಕೊಂಕಿ ಹಾಗೇ ನಿಲ್ಲುತ್ತೆ.

ಹಿತ್ತಲಗಿಡ:

ಎಲ್ಲರಿಗೂ ನಮಸ್ಕಾರ. ಇನ್ನೆರಡು ಪ್ರಶ್ನೆ. ಸೇವಂತಿಗೆಯ ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿಯುತ್ತೆ, ಯೂರಿಯಾ ಕೊಟ್ಟರೂ ಸರಿಹೋಗಲ್ಲ. ಮತ್ತೆ ಹಿಂದಿನ ಕೊನೆಯ ಗಿಡದ ದಂಟೂ ಹೂವಿನ ಭಾರಕ್ಕೆ ಬಗ್ಗುತ್ತೆ.

ಏರುಮಡಿ:

ಎರಡಕ್ಕೂ ಯೂರಿಯಾ ನಿಲ್ಲಿಸೋದೇ ಮೊದಲ ಹೆಜ್ಜೆ. ಹಳೇ ಎಲೆ ಹಳದಿಯಾದರೆ ಸಾರಜನಕದ ಕೊರತೆ, ಹೊಸ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣದ್ದು. ಕೆಂಪು ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಬೋರ್‌ವೆಲ್‌ನ ಗಡಸು ನೀರು ಅದನ್ನ ಬೇರಿಗೆ ಸಿಗದ ಹಾಗೆ ಕಟ್ಟಿಹಾಕಿರುತ್ತೆ. 1 ಲೀಟರ್ ನೀರಿಗೆ 3 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ (ಅಂಗಡಿಯ ನಿಂಬೆಹುಳಿ ಉಪ್ಪು), ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಸಿರು ಮಿಶ್ರಿತ ಹರಳು ತನ್ನಿ. ಕಂದು ಬಣ್ಣಕ್ಕೆ ತಿರುಗಿದ್ದು ಕೆಟ್ಟಿದೆ. ಮೊಗ್ಗು ಬಣ್ಣ ತೋರಿಸಿದ ಮೇಲೆ ಸಿಂಪಡಿಸಬೇಡಿ, ದಳದ ಮೇಲೆ ತುಕ್ಕಿನ ಕಲೆ ಕೂರುತ್ತೆ.

ದಂಟು ಬಗ್ಗೋದು ಸಾರಜನಕ ಜಾಸ್ತಿಯಾಗಿ ಒಳಗೆ ನೀರು ತುಂಬಿ ಬೆಳೆದದ್ದಕ್ಕೆ. ಮೊಗ್ಗು ಕಾಣೋವರೆಗೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇರೋ) ಗೊಬ್ಬರ ಲೀಟರ್‌ಗೆ 3 ಗ್ರಾಂ, ಹತ್ತು ದಿನಕ್ಕೊಮ್ಮೆ ಬುಡಕ್ಕೆ. ಮೊಗ್ಗು ಕಂಡ ಮೇಲೆ ಅದನ್ನ ನಿಲ್ಲಿಸಿ 0:0:50 (ಬರೀ ಪೊಟ್ಯಾಷ್) ಅಷ್ಟೇ, ಅದೂ 3 ಗ್ರಾಂ. ಜೊತೆಗೆ ಮಡಿಯ ನಾಲ್ಕು ಮೂಲೆಗೆ ಬಿದಿರು ಗೂಟ ನೆಟ್ಟು, ನೆಲದಿಂದ 1 ಅಡಿ ಎತ್ತರದಲ್ಲಿ ಅರ್ಧರ್ಧ ಅಡಿಯ ಚೌಕ ಬರೋ ಹಾಗೆ ಉದ್ದಕ್ಕೂ ಅಡ್ಡಕ್ಕೂ ಸುತಲಿ ಎಳೆದುಬಿಡಿ. ಗಿಡ ಇನ್ನೂ ಗೇಣುದ್ದ ಇರುವಾಗಲೇ ಎಳೀಬೇಕು, ದಂಟು ತಾನಾಗೇ ಚೌಕದೊಳಗಿಂದ ಏಳುತ್ತೆ. ಬಿದ್ದ ಮೇಲೆ ಎತ್ತಿ ಕಟ್ಟಿದ ದಂಟಿನ ಕತ್ತು ಸೊಟ್ಟಗೇ ಉಳಿಯುತ್ತೆ.

ಸುಗಂಧರಾಜದ ಗಡ್ಡೆ ಈ ವಾರವೇ ತನ್ನಿ. ತಂದ ಗಡ್ಡೆ ಆಗಲೇ ಹಸಿರು ಮೊನೆ ಬಿಟ್ಟಿದ್ದರೂ ಚಿಂತೆ ಇಲ್ಲ, ಮೊನೆ ಮುರಿಯದ ಹಾಗೆ ಕೂರಿಸಿ. ನೆಟ್ಟ ದಿನ ಒಂದು ಸಲ ಚೆನ್ನಾಗಿ ನೀರು, ಆಮೇಲೆ ಮೊಳಕೆ ಮೇಲೆ ಕಾಣೋವರೆಗೆ ಮಣ್ಣು ಬರೀ ತೇವ ಇದ್ದರೆ ಸಾಕು.